ಒಂದೇ ಹಕ್ಕಿಮನೆಯಲ್ಲಿ ಹಲವು ಜಾತಿಯ ಹಕ್ಕಿಗಳು

ಕಂಬಂ ಕಣಿವೆಯಲ್ಲಿ ಬತ್ತದ ತೆನೆ ಹಾಲುಗಟ್ಟುವ ದಿನಗಳಲ್ಲಿ, ಹೊತ್ತಿಳಿಯುವ ವೇಳೆಗೆ ಗದ್ದೆಯ ಬದುವಿನ ಮೇಲೆ ನಿಂತು ನೋಡಿದವರಿಗೆ ಸೊಗಸಾದ ಒಂದು ನೋಟ ದೊರೆಯುತ್ತದೆ. ರಾಟವಾಳಗಳು ಗುಂಪುಗುಂಪಾಗಿ ಬಂದಿಳಿದು ತೆನೆಗಳಿಗೆ ಜೋತುಬೀಳುತ್ತವೆ. ಗೀಜಗಗಳು ಬಾವಿಯ ಮೇಲೆ ಬಾಗಿದ ಕೊಂಬೆಯಿಂದ ಗದ್ದೆಗೂ ಗದ್ದೆಯಿಂದ ಕೊಂಬೆಗೂ ಓಡಾಡುತ್ತಿರುತ್ತವೆ. ಗಿಳಿಗಳ ಹಿಂಡು ಕಿರುಚುತ್ತ ಹುಣಿಸೆಮರದ ನೆತ್ತಿಗೆ ಸೇರುತ್ತದೆ. ಬೆಳವಗಳು ಬದುವಿನ ಮೇಲೆ ಉದುರಿದ ಕಾಳನ್ನು ಆಯುತ್ತವೆ. ಗೊರವಂಕಗಳು ಮೇಯುವ ದನಗಳ ಕಾಲಬುಡದಲ್ಲಿ ಹುಳು ಹೆಕ್ಕುತ್ತವೆ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದು, ಮಲೆಯ ಆಚೆಗೆ ಹರಿಯುತ್ತಿದ್ದ ನೀರು ಈ ಕಣಿವೆಯತ್ತ ತಿರುಗಿದ ಮೇಲೆ ಬೆಳೆದುನಿಂತ ಗದ್ದೆಗಳು ಮನುಷ್ಯರಿಗೆ ಮಾತ್ರವಲ್ಲ, ಇಷ್ಟು ಬಗೆಯ ಹಕ್ಕಿಗಳಿಗೂ ಉಣಬಡಿಸುತ್ತಿವೆ.

ಈ ನೋಟವನ್ನು ಕಂಡ ಹುಡುಗರು ಕೇಳುವ ಪ್ರಶ್ನೆಯೊಂದುಂಟು. "ಗದ್ದೆಯಲ್ಲಿ ಇಷ್ಟು ಜಾತಿಯ ಹಕ್ಕಿಗಳು ಜಗಳವಿಲ್ಲದೆ ಇರುತ್ತವಲ್ಲ, ನಮ್ಮ ಹಿತ್ತಲಿನಲ್ಲಿ ಒಂದು ದೊಡ್ಡ ಗೂಡು ಕಟ್ಟಿ ಬಣ್ಣಬಣ್ಣದ ಹಕ್ಕಿಗಳನ್ನೆಲ್ಲ ಅದರಲ್ಲೇ ಬಿಟ್ಟರೆ ಏನಾಗುತ್ತದೆ?" ಪ್ರಶ್ನೆ ಸಹಜವಾದುದೇ. ಮನೆಮಾತು ಕನ್ನಡವಾಗಿಯೂ ಬೀದಿಯ ಮಾತು ತಮಿಳಾಗಿಯೂ ಇರುವ ಈ ಸೀಮೆಯ ಒಕ್ಕಲು ಮನೆಗಳಿಗೆ ವಿಶಾಲವಾದ ಹಿತ್ತಲು ಇರುವುದು ವಾಡಿಕೆ. ಅಲ್ಲಿ ದನದ ಕೊಟ್ಟಿಗೆಯ ಪಕ್ಕದಲ್ಲಿ ಒಂದು ಹಕ್ಕಿಮನೆಯೂ ಇರಲೆಂದು ಮಕ್ಕಳು ಹಟ ಹಿಡಿಯುತ್ತಾರೆ, ತಂದೆತಾಯಂದಿರೂ ಮಣಿಯುತ್ತಾರೆ. ಆದಕಾರಣ ಈ ಪ್ರಶ್ನೆಗೆ ತಕ್ಕಮಟ್ಟಿಗೆ ವಿವರವಾಗಿಯೇ ಉತ್ತರ ಹೇಳಬೇಕೆಂದು ನಾವು ಹೊರಟಿದ್ದೇವೆ.

ಗದ್ದೆಯಲ್ಲಿ ಜಗಳವಿಲ್ಲ ಎಂಬುದೇ ಮೊದಲು ಸರಿಯಲ್ಲ. ಸ್ವಲ್ಪ ಹೊತ್ತು ಗಮನವಿಟ್ಟು ನೋಡಿದರೆ ಅಲ್ಲಿಯೂ ಅಟ್ಟುವುದು, ಕುಕ್ಕುವುದು, ಕಸಿಯುವುದು ನಡೆದೇ ಇರುತ್ತದೆ. ಆದರೆ ಎರಡು ಸಂಗತಿಗಳು ಆ ಜಗಳವನ್ನು ಕೊಲೆಯವರೆಗೆ ಬೆಳೆಯಗೊಡುವುದಿಲ್ಲ. ಮೊದಲನೆಯದು, ಪ್ರತಿಯೊಂದು ಜಾತಿಗೂ ತನ್ನದೇ ಆದ ಎಡೆಯುಂಟು: ಗಿಳಿಗೆ ಮರದ ನೆತ್ತಿ, ರಾಟವಾಳಕ್ಕೆ ಹುಲ್ಲಿನ ತೆನೆ, ಬೆಳವಕ್ಕೆ ನೆಲ. ಎರಡನೆಯದು ಇನ್ನೂ ಮುಖ್ಯವಾದುದು. ಜಗಳದಲ್ಲಿ ಸೋತ ಹಕ್ಕಿ ರೆಕ್ಕೆ ಬಿಚ್ಚಿ ಹಾರಿಹೋಗುತ್ತದೆ. ಗೆದ್ದುದು ಅಷ್ಟಕ್ಕೇ ತೃಪ್ತಿಪಡುತ್ತದೆ. ತಂತಿಯ ಬಲೆಯ ಒಳಗಾದರೋ ಸೋತದ್ದಕ್ಕೆ ಓಡುವ ದಾರಿಯೇ ಇಲ್ಲ. ಗೆದ್ದ ಹಕ್ಕಿಗೆ ಶತ್ರು ದಿನವೆಲ್ಲ ಕಣ್ಣೆದುರಿಗೇ ಕುಳಿತಿರುವಂತೆ ಕಾಣುತ್ತದೆ. ಆದುದರಿಂದ ಅದು ಮತ್ತೆ ಮತ್ತೆ ಎರಗುತ್ತದೆ. ಹಕ್ಕಿಗಳನ್ನು ಕೂಡಿಡುವ ವಿದ್ಯೆಯ ತಿರುಳೆಲ್ಲ ಇಷ್ಟೇ: ಸೋತ ಹಕ್ಕಿ ಎಲ್ಲಿಗೆ ಹೋಗಬೇಕು ಎಂಬುದನ್ನು ಗೂಡು ಕಟ್ಟುವ ಮೊದಲೇ ಯೋಚಿಸಿರಬೇಕು.

ಯಾವ ಹಕ್ಕಿಗಳನ್ನು ಸಾಕಬಹುದು ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮೇಲೆ ಹೇಳಿದ ಗದ್ದೆಯ ಹಕ್ಕಿಗಳಲ್ಲಿ ಒಂದನ್ನೂ ಹಿಡಿದು ಸಾಕಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಳಿ, ಗೊರವಂಕ, ರಾಟವಾಳ ಮೊದಲಾದುವನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ಅಪರಾಧ. ಅಜ್ಜಿಯ ಕಾಲದಿಂದ ಮನೆಯಲ್ಲಿ ಗಿಳಿ ಇತ್ತು, ಗಿಳಿಶಾಸ್ತ್ರ ಹೇಳುವವನ ಬಳಿಯೂ ಇತ್ತು ಎಂಬ ಮಾತು ಕಾಯ್ದೆಯ ಮುಂದೆ ನಿಲ್ಲದು. ಈಗಾಗಲೇ ಅಂತಹ ಹಕ್ಕಿ ಮನೆಯಲ್ಲಿದ್ದರೆ ಪಂಜರದ ಬಾಗಿಲು ತೆರೆದು ಹಾರಿಸಿಬಿಡುವುದೂ ದಯೆಯಲ್ಲ. ಬಹುಕಾಲ ಕೂಡಿಟ್ಟ ಗಿಳಿ ತಾನಾಗಿ ಆಹಾರ ಹುಡುಕಲಾರದು, ಗಿಡುಗನಿಂದ ತಪ್ಪಿಸಿಕೊಳ್ಳಲಾರದು. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಉಳಿದುವು ಹೊರದೇಶದಿಂದ ಬಂದು ತಲೆಮಾರುಗಳಿಂದ ಗೂಡಿನಲ್ಲೇ ಹುಟ್ಟಿ ಬೆಳೆದ ಹಕ್ಕಿಗಳು. ಇವುಗಳಲ್ಲಿಯೂ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜಾತಿಗಳನ್ನು, ಉದಾಹರಣೆಗೆ ಜಾವಾ ಗುಬ್ಬಿಯನ್ನು, ಸಾಕುವವರು 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು. ಬಜರಿಗಾರ್, ಕಾಕಟೀಲ್, ಝೀಬ್ರಾ ಫಿಂಚ್, ಬೆಂಗಾಲಿ ಫಿಂಚ್ ಇವು ಆ ಪಟ್ಟಿಯಲ್ಲಿಲ್ಲ. ಹೊಸಬರಿಗೆ ಇವೇ ಸಾಕು.

ಇನ್ನು ಹೆಸರಿನಿಂದ ಹುಟ್ಟುವ ಒಂದು ಅನಾಹುತವನ್ನು ಹೇಳಬೇಕು. ನಮ್ಮ ಕಡೆಯ ಅಂಗಡಿಗಳಲ್ಲಿ ಬಜರಿಗಾರ್ ಹಕ್ಕಿಗೆ 'ಲವ್ ಬರ್ಡ್ಸ್' ಎಂಬ ಹೆಸರು ಬಹುಕಾಲದಿಂದ ಅಂಟಿಕೊಂಡಿದೆ. ಹಸುರು, ಹಳದಿ, ನೀಲಿ ಬಣ್ಣದ, ಉದ್ದ ಬಾಲದ ಆ ಪುಟ್ಟ ಗಿಳಿಯನ್ನು ಕಂಡು 'ಲವ್ ಬರ್ಡ್ಸ್' ಎನ್ನದ ಮಕ್ಕಳೇ ಇಲ್ಲ. ಅದು ಆಸ್ಟ್ರೇಲಿಯದ ಹಕ್ಕಿ. ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು 1840ರಲ್ಲಿ ಜೀವಂತವಾಗಿ ಇಂಗ್ಲೆಂಡಿಗೆ ಕೊಂಡೊಯ್ದ ಮೇಲೆ ಲೋಕವೆಲ್ಲ ಹರಡಿತು. ನಿಜವಾದ ಲವ್ ಬರ್ಡ್ ಬೇರೆಯೇ ಇದೆ. ಅದರಲ್ಲಿ ಒಂಬತ್ತು ಜಾತಿಗಳು; ಎಂಟು ಆಫ್ರಿಕ ಖಂಡದವು, ಒಂದು ಮಡಗಾಸ್ಕರ್ ದ್ವೀಪದ್ದು. ಬಾಲ ಮೋಟು, ಮೈ ದಪ್ಪ, ಕೊಕ್ಕು ಬಲು ಗಟ್ಟಿ. ತನ್ನ ಜೋಡಿಯೊಂದಿಗೆ ಅಂಟಿಕೊಂಡು ಕುಳಿತಿರುವುದರಿಂದ ಅದಕ್ಕೆ ಪ್ರೀತಿಯ ಹೆಸರು ಬಂದಿತೇ ಹೊರತು ಅನ್ಯರ ವಿಷಯದಲ್ಲಿ ಅದಕ್ಕೆ ಪ್ರೀತಿ ಎಂಬುದು ಲವಲೇಶವೂ ಇಲ್ಲ.

ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮ ಹಿತ್ತಲಿನ ಆರು ಅಡಿ ಉದ್ದದ ಗೂಡಿನಲ್ಲಿ ನಾಲ್ಕು ಜೊತೆ ಝೀಬ್ರಾ ಫಿಂಚುಗಳು ಒಂದು ವರ್ಷ ಸುಖವಾಗಿದ್ದವು. ಮನೆಯ ಮಕ್ಕಳು ಇನ್ನೂ ಬಣ್ಣ ಬೇಕೆಂದು ಪೀಡಿಸಲು, ಸಂತೆಯಲ್ಲಿ 'ಲವ್ ಬರ್ಡ್ಸ್' ಎಂದು ಹೇಳಿ ಕೊಟ್ಟ ಒಂದು ಜೊತೆಯನ್ನು ತಂದು ಅವುಗಳೊಡನೆ ಬಿಟ್ಟೆವು. ಬಾಲ ಮೋಟಾಗಿದ್ದುದನ್ನು ಕಂಡೂ ನಾವು ಎಚ್ಚರಗೊಳ್ಳಲಿಲ್ಲ. ಎರಡು ದಿನ ಎಲ್ಲವೂ ಶಾಂತವಾಗಿತ್ತು. ಮೂರನೆಯ ದಿನ ಬೆಳಿಗ್ಗೆ ನೀರು ಬದಲಿಸಲು ಹೋದಾಗ ಒಂದು ಹೆಣ್ಣು ಫಿಂಚ್ ತಲೆಗೆ ಗಾಯವಾಗಿ ಮೂಲೆಯಲ್ಲಿ ಸತ್ತುಬಿದ್ದಿತ್ತು. ಅದರ ಗಂಡು ನೆಲದ ಮೇಲೆ ಒಂದೇ ಕಾಲಿನಲ್ಲಿ ಕುಂಟುತ್ತಿತ್ತು. ಎಡಗಾಲಿನ ಎರಡು ಬೆರಳುಗಳು ಇರಲಿಲ್ಲ. ಬಲೆಗೆ ಜೋತುಬಿದ್ದ ಅಥವಾ ತನ್ನ ಕೂರುಗೋಲಿಗೆ ಬಂದು ಕುಳಿತ ಪರಕೀಯ ಹಕ್ಕಿಯ ಕಾಲನ್ನು ಕಚ್ಚಿ ತುಂಡರಿಸುವುದು ಲವ್ ಬರ್ಡಿನ ಅಭ್ಯಾಸವೆಂದು ಬಲ್ಲವರು ಅನಂತರ ನಮಗೆ ತಿಳಿಸಿದರು. ಮಾರಿದವನನ್ನು ದೂರಿ ಫಲವೇನು? ಕೇಳಬೇಕಾದುದನ್ನು ನಾವು ಕೇಳಿರಲಿಲ್ಲ.

ತೂಕವನ್ನು ಹೋಲಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಝೀಬ್ರಾ ಫಿಂಚಿನ ತೂಕ ಸುಮಾರು 12 ಗ್ರಾಂ. ಬಜರಿಗಾರ್ 30ರಿಂದ 40 ಗ್ರಾಂ. ಪೀಚ್ ಬಣ್ಣದ ಮುಖದ ಲವ್ ಬರ್ಡ್ 50 ಗ್ರಾಮಿನ ಆಸುಪಾಸು. ಕಾಕಟೀಲ್ 80ರಿಂದ 100 ಗ್ರಾಂ. ತೂಕವೊಂದೇ ಅಳತೆಗೋಲಾಗಿದ್ದರೆ ಕಾಕಟೀಲೇ ಎಲ್ಲಕ್ಕಿಂತ ಭಯಂಕರವಾಗಬೇಕಿತ್ತು. ಆದರೆ ಸೋಜಿಗವೆಂದರೆ ಅದು ಬಲು ಸಾಧು. ಬಜರಿಗಾರುಗಳ ಜೊತೆಯಲ್ಲಿಟ್ಟರೆ ಅವೇ ಇದರ ಬಾಲ ಎಳೆದು, ಊಟದ ಬಟ್ಟಲಿನಿಂದ ಓಡಿಸುವುದನ್ನು ಕಾಣಬಹುದು. ಆದುದರಿಂದ ಕೊಕ್ಕಿನ ಆಕಾರ, ಮೈಯ ಗಾತ್ರ, ಸ್ವಭಾವ ಈ ಮೂರನ್ನೂ ಒಟ್ಟಿಗೆ ತೂಗಬೇಕು. ಬಾಗಿದ ಕೊಕ್ಕಿನ ಗಿಳಿಯ ಕುಲವನ್ನೂ ನೇರವಾದ ಮೊನಚು ಕೊಕ್ಕಿನ ಫಿಂಚುಗಳ ಕುಲವನ್ನೂ ಬೇರೆ ಬೇರೆ ಮನೆಯಲ್ಲಿಡುವುದೇ ಕ್ಷೇಮ. "ನಮ್ಮ ಮನೆಯಲ್ಲಿ ಬಜರಿಗಾರೂ ಫಿಂಚೂ ಒಟ್ಟಿಗೇ ಇವೆ, ಏನೂ ಆಗಿಲ್ಲ" ಎಂದು ಹೇಳುವವರು ಇದ್ದಾರೆ. ಇರಬಹುದು. ವಿಶಾಲವಾದ ಮನೆಯಲ್ಲಿ, ಮರಿ ಮಾಡುವ ಕಾಲವಲ್ಲದಾಗ, ಬಜರಿಗಾರುಗಳು ಸುಮ್ಮನಿರಬಹುದು. ಮೊಟ್ಟೆಯಿಡುವ ಹೆಣ್ಣು ಬಜರಿಗಾರಿಗೆ ಆ ಸಮಾಧಾನವಿರದು. ಅದು ಫಿಂಚಿನ ಹುಲ್ಲುಗೂಡನ್ನು ಕಡಿದು ಹಾಕುತ್ತದೆ, ಅಡ್ಡ ಬಂದ ಹಕ್ಕಿಯ ಕಾಲಿಗೂ ಬಾಯಿ ಹಾಕುತ್ತದೆ. ನಾವಂತೂ ಕೂಡಿಡಿರೆಂದು ಯಾರಿಗೂ ಹೇಳಲಾರೆವು.

ಹಾಗಾದರೆ ಒಂದೇ ಮನೆಯಲ್ಲಿ ಬಾಳಬಲ್ಲ ಹಕ್ಕಿಗಳೇ ಇಲ್ಲವೆ? ಉಂಟು. ಹತ್ತು ಅಡಿ ಉದ್ದ, ಐದು ಅಡಿ ಅಗಲ, ಏಳು ಅಡಿ ಎತ್ತರದ ಒಂದು ಮನೆಯನ್ನು ಕಟ್ಟಿದರೆಂದು ಇಟ್ಟುಕೊಳ್ಳೋಣ. ಅದರಲ್ಲಿ ನಾಲ್ಕು ಜೊತೆ ಝೀಬ್ರಾ ಫಿಂಚ್, ಮೂರು ಜೊತೆ ಬೆಂಗಾಲಿ ಫಿಂಚ್, ಒಂದೇ ಒಂದು ಜೊತೆ ಡೈಮಂಡ್ ಡವ್ ಎಂಬ ಪುಟ್ಟ ಆಸ್ಟ್ರೇಲಿಯದ ಬೆಳವ, ಇಷ್ಟನ್ನು ಬಿಡಬಹುದು. ಈ ಬೆಳವ ನೆಲದ ಮೇಲೆ ಆಯ್ದು ತಿನ್ನುವ ಹಕ್ಕಿ. ಫಿಂಚುಗಳು ಚೆಲ್ಲಿದ ಕಾಳು ಅದಕ್ಕೆ ಊಟವಾಗುತ್ತದೆ. ಫಿಂಚುಗಳ ಕೊಂಬೆಗೆ ಅದು ಆಸೆಪಡುವುದಿಲ್ಲ. ಗದ್ದೆಯಲ್ಲಿ ಕಂಡ ಎಡೆಗಳ ವಿಂಗಡಣೆ ಇಲ್ಲಿಯೂ ಚಿಕ್ಕದಾಗಿ ನಡೆಯುತ್ತದೆ. ಆದರೆ ಎರಡು ಜೊತೆ ಬೆಳವಗಳನ್ನು ಬಿಟ್ಟರೆ ಗಂಡುಗಳೆರಡೂ ರೆಕ್ಕೆಯಿಂದ ಬಡಿದಾಡುತ್ತವೆ. ನೆಲಕ್ಕೆ ಲಾವಕ್ಕಿಯನ್ನು ಬಿಡುವವರೂ ಇದ್ದಾರೆ. ರಾತ್ರಿ ಬೆದರಿದರೆ ಲಾವಕ್ಕಿ ನೆಟ್ಟಗೆ ಮೇಲಕ್ಕೆ ಚಿಮ್ಮಿ ಚಾವಣಿಗೆ ತಲೆ ಬಡಿದುಕೊಳ್ಳುತ್ತದೆ, ಉಳಿದುವನ್ನೂ ಎಬ್ಬಿಸಿ ಗಾಬರಿಗೊಳಿಸುತ್ತದೆ. ನಮಗೆ ಅದು ರುಚಿಸದು.

ಬೆಂಗಾಲಿ ಫಿಂಚಿನ ವಿಷಯವಾಗಿ ಒಂದು ಮಾತು ಹೆಚ್ಚಾಗಿ ಹೇಳದೆ ಇರಲಾರೆವು. ಇದು ಕಾಡಿನಲ್ಲಿ ಎಲ್ಲಿಯೂ ಇಲ್ಲ. ಹೆಸರಿನಲ್ಲಿ ಬಂಗಾಳವಿದ್ದರೂ ಬಂಗಾಳಕ್ಕೂ ಇದಕ್ಕೂ ಸಂಬಂಧವಿಲ್ಲ. ಬಿಳಿಬೆನ್ನಿನ ರಾಟವಾಳದ ಚೀನಾದೇಶದ ತಳಿಯನ್ನು ಜಪಾನಿನವರು ತರಿಸಿಕೊಂಡು, ಗೂಡಿನಲ್ಲೇ ತಲೆಮಾರುಗಳ ಕಾಲ ಸಾಕಿ ರೂಪಿಸಿದ ಹಕ್ಕಿ ಇದು. ಆ ಬಿಳಿಬೆನ್ನಿನ ರಾಟವಾಳದ ಇನ್ನೊಂದು ತಳಿ ನಮ್ಮ ಪಶ್ಚಿಮಘಟ್ಟಗಳಲ್ಲಿಯೇ ಇದೆ. ಬೆಂಗಾಲಿ ಫಿಂಚಿನಷ್ಟು ಸೌಮ್ಯವಾದ ಹಕ್ಕಿ ಇನ್ನೊಂದಿಲ್ಲ. ಬೇರೆ ಫಿಂಚುಗಳು ಬಿಟ್ಟುಹೋದ ಮೊಟ್ಟೆಗಳಿಗೂ ಕಾವು ಕೊಟ್ಟು, ಅನ್ಯರ ಮರಿಗಳಿಗೂ ಗುಟುಕು ಕೊಟ್ಟು ಸಾಕುತ್ತದೆ. ಅದರ ಈ ಸಾಧುತನವನ್ನೇ ಝೀಬ್ರಾ ಫಿಂಚುಗಳು ದುರುಪಯೋಗ ಮಾಡಿಕೊಳ್ಳುವುದುಂಟು. ಅದರ ಗೂಡಿನಿಂದ ಹುಲ್ಲು ಕದಿಯುತ್ತವೆ. ಕೆಲವೊಮ್ಮೆ ಅದರ ಮೊಟ್ಟೆಗಳ ಮೇಲೆಯೇ ಹುಲ್ಲು ಹಾಸಿ ತಮ್ಮ ಗೂಡು ಕಟ್ಟುತ್ತವೆ. ಇದಕ್ಕೆ ಮದ್ದು ಬೈಯುವುದಲ್ಲ, ಗೂಡಿನ ಬುಟ್ಟಿಗಳನ್ನು ಹೆಚ್ಚಿಸುವುದು. ಏಳು ಜೊತೆ ಫಿಂಚುಗಳಿಗೆ ಹದಿನಾಲ್ಕು ಬುಟ್ಟಿಗಳನ್ನು, ಎಲ್ಲವನ್ನೂ ಒಂದೇ ಎತ್ತರದಲ್ಲಿ ಕಟ್ಟಬೇಕು. ಎತ್ತರದ ಗೂಡು ಒಂದೇ ಆದರೆ ಎಲ್ಲಕ್ಕೂ ಅದೇ ಬೇಕಾಗುತ್ತದೆ. ಊರಿನ ಜನರಲ್ಲಿಯೂ ಈ ಗುಣ ಇಲ್ಲದಿಲ್ಲ.

ಬಟ್ಟಲುಗಳೂ ಹಾಗೆಯೇ. ಒಂದೇ ಬಟ್ಟಲು ಇಟ್ಟರೆ ಬಲಶಾಲಿಯಾದುದು ಅದರ ಅಂಚಿನಲ್ಲಿ ಕುಳಿತುಬಿಡುತ್ತದೆ. ದುರ್ಬಲವಾದುದು ಹಸಿದು ಸಾಯುತ್ತದೆ, ಮೈಮೇಲೆ ಒಂದು ಗಾಯವೂ ಇರುವುದಿಲ್ಲ. ರೋಗ ಬಂದಿತೆಂದು ಮನೆಯವರು ಭಾವಿಸುತ್ತಾರೆ. ಕಾಳಿಗೂ ನೀರಿಗೂ ಮೂರು ಮೂರು ಕಡೆ, ಒಂದರಿಂದ ಇನ್ನೊಂದು ಕಾಣದಂತೆ, ಎಡೆ ಮಾಡಬೇಕು. ನಡುವೆ ತೊಂಡೆಬಳ್ಳಿಯನ್ನೋ ಒಣಕೊಂಬೆಗಳ ಕಟ್ಟನ್ನೋ ನಿಲ್ಲಿಸಿದರೆ ಸೋತ ಹಕ್ಕಿಗೆ ಮರೆಯಾಗಲು ಸ್ಥಳ ಸಿಕ್ಕಿತು.

ಮನೆ ಕಟ್ಟುವಾಗ ಕಣಿವೆಯ ಗಾಳಿಯನ್ನು ಮರೆಯಕೂಡದು. ಜೂನಿನಿಂದ ಸೆಪ್ಟೆಂಬರಿನವರೆಗೆ ಘಟ್ಟದ ಕಂಡಿಗಳಿಂದ ನುಗ್ಗುವ ಗಾಳಿ ಎಂತಹುದೆಂದು ತೇನಿಯ ಸುತ್ತಿನ ಗಾಳಿಯಂತ್ರಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಹನ್ನೆರಡು ಗ್ರಾಮಿನ ಹಕ್ಕಿ ಅದನ್ನು ರಾತ್ರಿಯೆಲ್ಲ ತಾಳಲಾರದು. ಪಡುವಲ ದಿಕ್ಕನ್ನು ಗೋಡೆಯಿಂದ ಪೂರ್ತಿ ಮುಚ್ಚಬೇಕು. ಮಾಡಿನ ಅರ್ಧಕ್ಕಾದರೂ ಹೆಂಚು ಹೊದಿಸಬೇಕು. ಹಿಂಗಾರು ಮಳೆ ಸುರಿಯುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಆ ಅರ್ಧವೇ ಅವುಗಳ ಆಸರೆ. ಬಲೆಯ ಕಣ್ಣು ಅರ್ಧ ಅಂಗುಲಕ್ಕಿಂತ ದೊಡ್ಡದಾಗಿರಬಾರದು. ದೊಡ್ಡದಾದರೆ ಇಲಿ ನುಗ್ಗುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಬಲೆಯನ್ನು ನೆಲದೊಳಕ್ಕೂ ಒಂದು ಅಡಿ ಹೂಳಬೇಕು. ಹೊಸ ತಂತಿಗೆ ಸತುವಿನ ಪುಡಿ ಅಂಟಿರುತ್ತದೆ. ಬಲೆಯನ್ನು ಕಚ್ಚುವ ಗಿಳಿಯ ಕುಲದ ಹಕ್ಕಿಗಳಿಗೆ ಅದು ವಿಷ. ವಿನೆಗರ್ ನೀರಿನಿಂದ ತಿಕ್ಕಿ ತೊಳೆದು ಒಣಗಿಸಿದ ಮೇಲೆಯೇ ಹಕ್ಕಿಗಳನ್ನು ಬಿಡತಕ್ಕದ್ದು.

ಬಾಗಿಲು ಒಂದಲ್ಲ, ಎರಡಿರಬೇಕು. ದಿಂಡಿಗಲ್ಲಿನ ಬೀಗಗಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತು ಅವುಗಳ ಕೀರ್ತಿ ಇನ್ನಷ್ಟು ಹೆಚ್ಚಿತು. ಆದರೆ ಎಷ್ಟು ಒಳ್ಳೆಯ ಬೀಗವೂ ಕಾಳು ಹಾಕಲು ಬಾಗಿಲು ತೆರೆದ ಹುಡುಗನ ಭುಜದ ಮೇಲಿಂದ ಹಾರಿಹೋಗುವ ಫಿಂಚನ್ನು ತಡೆಯಲಾರದು. ಮೊದಲ ಬಾಗಿಲನ್ನು ತೆರೆದು ಒಳಗೆ ಬಂದು, ಅದನ್ನು ಮುಚ್ಚಿ, ಅನಂತರ ಎರಡನೆಯದನ್ನು ತೆರೆಯುವಂತೆ ಮೂರಡಿಯ ಒಂದು ಅಂಕಣವನ್ನು ಮುಂದೆ ಕಟ್ಟಿದರೆ ಸಾಕು. ಹೊರಗೆ ಹೋದ ಫಿಂಚ್ ಮರಳಿ ಬರುವುದು ಅಪರೂಪ. ಅದಕ್ಕೆ ನಮ್ಮ ಊರಿನ ಕಾಗೆಯ ಪರಿಚಯವಿಲ್ಲ.

ಆಹಾರದ ವಿಷಯ ನಮ್ಮ ಸೀಮೆಯವರಿಗೆ ಸುಲಭ. ತಮಿಳಿನಲ್ಲಿ ತಿನೈ ಎನ್ನುವ ನವಣೆಯೇ ಮುಖ್ಯ. ಅದರೊಡನೆ ಸಾಮೆ, ಸಜ್ಜೆ. ಎಳೆಯ ಸೊಪ್ಪು ತೊಳೆದು ಕೊಡಬಹುದು. ಮೊಟ್ಟೆಯಿಡುವ ಹೆಣ್ಣುಗಳಿಗೆ ಸುಣ್ಣದ ಅಂಶ ಬೇಕು; ಅದಕ್ಕಾಗಿ ಸಮುದ್ರಫೇನವನ್ನು ತಂತಿಗೆ ಸಿಕ್ಕಿಸಿಡಬೇಕು. ಕಾಕಟೀಲ್ ಇಟ್ಟವರು ಸೂರ್ಯಕಾಂತಿ ಬೀಜವನ್ನು ಹಿತಮಿತವಾಗಿ ಕೊಡಲಿ, ಕೊಬ್ಬು ಬೆಳೆದೀತು. ಕೆಳ ಪಳನಿ ಬೆಟ್ಟಗಳಿಂದ ಬರುವ ಬೆಣ್ಣೆಹಣ್ಣು ಮನುಷ್ಯರಿಗೆ ಬಲು ರುಚಿ. ಹಕ್ಕಿಗಳಿಗೆ ಅದು ಪ್ರಾಣಾಂತಕ. ಮಕ್ಕಳು ತಮ್ಮ ಪಾಲಿನ ಒಂದು ಚೂರನ್ನು ಪ್ರೀತಿಯಿಂದ ಒಳಗೆ ಹಾಕದಂತೆ ತಾಯಂದಿರು ನೋಡಿಕೊಳ್ಳಬೇಕು.

ಹೊಸ ಹಕ್ಕಿಯನ್ನು ತಂದ ದಿನವೇ ಹಳೆಯವುಗಳೊಡನೆ ಬಿಡುವುದು ಮಹಾಪರಾಧ. ಕನಿಷ್ಠ ಮೂವತ್ತು ದಿನ ಅದನ್ನು ಬೇರೆ ಕೋಣೆಯಲ್ಲಿ ಇಟ್ಟು, ಕಣ್ಣು, ಮೂಗು, ಹಿಕ್ಕೆಗಳನ್ನು ಗಮನಿಸಬೇಕು. ಗಿಳಿಯ ಕುಲದ ಹಕ್ಕಿಗಳಿಂದ ಸಿಟಕೋಸಿಸ್ ಎಂಬ ಜ್ವರ ಮನುಷ್ಯರಿಗೂ ಹರಡುತ್ತದೆ. ಒಣಗಿದ ಹಿಕ್ಕೆಯ ಧೂಳನ್ನು ಉಸಿರಾಡುವುದೇ ಅದರ ಕಾರಣ. ಆದುದರಿಂದ ನೆಲವನ್ನು ಗುಡಿಸುವ ಮೊದಲು ನೀರು ಚಿಮುಕಿಸಬೇಕು, ಮೂಗು ಬಾಯಿಗಳನ್ನು ಮುಚ್ಚಿಕೊಂಡಿರಬೇಕು, ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಬೇಕು. ಹಕ್ಕಿ ಸಾಕಿದ ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರ, ಒಣಕೆಮ್ಮು ಕಾಣಿಸಿಕೊಂಡರೆ ಮನೆಯಲ್ಲಿ ಹಕ್ಕಿಗಳಿವೆಯೆಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಹೇಳದಿದ್ದರೆ ಅವರಿಗೆ ಅದು ಹೊಳೆಯುವುದು ಕಷ್ಟ.

ಮೂವತ್ತು ದಿನ ಕಳೆದ ಮೇಲೆ ಹೊಸಬನನ್ನು ಒಳಬಿಡುವ ಕ್ರಮವೂ ಒಂದುಂಟು. ಹೊಸ ದನವನ್ನು ಹಳೆಯ ಹಿಂಡಿನ ನಡುವೆ ಒಮ್ಮೆಲೇ ನುಗ್ಗಿಸಿದರೆ ಏನಾಗುತ್ತದೆಂದು ಕೊಟ್ಟಿಗೆಯ ಮನೆಯ ಮಕ್ಕಳು ಬಲ್ಲರು. ಹಕ್ಕಿಗಳೂ ಹಾಗೆಯೇ ಒಂದೊಂದು ಕೊಂಬೆಯನ್ನು ತನ್ನದೆಂದು ಭಾವಿಸಿರುತ್ತವೆ. ಹಿಂದಿನ ಸಂಜೆ ಕೂರುಗೋಲುಗಳನ್ನೂ ಬುಟ್ಟಿಗಳನ್ನೂ ಬಟ್ಟಲುಗಳನ್ನೂ ಸ್ಥಳ ಬದಲಿಸಿದರೆ ಹಳೆಯ ಹಕ್ಕಿಗಳಿಗೂ ಮನೆ ಹೊಸದೇ ಆಗುತ್ತದೆ. ಬೆಳಗಿನ ಹೊತ್ತಿನಲ್ಲಿಯೇ ಬಿಡಬೇಕು. ಸಂಜೆ ಬಿಟ್ಟರೆ ಕತ್ತಲೆಯಲ್ಲಿ ಮೂಲೆ ಕಾಣದೆ ತಡಕಾಡುತ್ತದೆ. ಆ ದಿನವೆಲ್ಲ ಯಾರಾದರೊಬ್ಬರು ಹತ್ತಿರ ಕುಳಿತು ನೋಡುತ್ತಿರಬೇಕು. ಅನಂತರವೂ ಪ್ರತಿದಿನ ಕಾಳು ಹಾಕಿದ ಮೇಲೆ ಹತ್ತು ನಿಮಿಷ ನಿಂತು ಎಣಿಸಬೇಕು: ಊಟಕ್ಕೆ ಬಾರದ ಹಕ್ಕಿ ಯಾವುದು, ತಲೆಯ ಗರಿ ಕಿತ್ತುಹೋದುದು ಯಾವುದು, ಮೈ ಉಬ್ಬಿಸಿಕೊಂಡು ನೆಲದ ಮೇಲೆ ಒಂಟಿಯಾಗಿ ಕುಳಿತುದು ಯಾವುದು. ಅಂತಹುದನ್ನು ಕಂಡ ಗಳಿಗೆಯಲ್ಲೇ ಬೇರೆ ಮಾಡಬೇಕು. ಇದಕ್ಕಾಗಿ ಒಂದು ಬಿಡಿ ಪಂಜರ ಸದಾ ಖಾಲಿಯಾಗಿ, ತೊಳೆದು, ಸಿದ್ಧವಾಗಿರಲಿ. ಅದನ್ನು ಕೊಳ್ಳಲು ಹಣವಿಲ್ಲದಿದ್ದರೆ ಎರಡನೆಯ ಜಾತಿಯ ಹಕ್ಕಿಯನ್ನೂ ಕೊಳ್ಳುವುದು ಬೇಡ.

ನಮ್ಮ ಲವ್ ಬರ್ಡುಗಳೆರಡೂ ಈಗ ಬೇರೆ ಗೂಡಿನಲ್ಲಿ ತಮ್ಮ ಪಾಡಿಗೆ ತಾವು ಸುಖವಾಗಿವೆ. ಬೆರಳು ಕಳೆದುಕೊಂಡ ಗಂಡು ಫಿಂಚ್ ಬದುಕಿಕೊಂಡಿತು. ತೆಳುವಾದ ಕೋಲನ್ನು ಅದು ಹಿಡಿಯಲಾರದಾದುದರಿಂದ ಮಕ್ಕಳು ನಾಲ್ಕು ಅಂಗುಲ ಅಗಲದ ಒಂದು ಹಲಗೆಗೆ ಗೋಣಿಯ ತುಂಡನ್ನು ಸುತ್ತಿ, ಕಾಳಿನ ಬಟ್ಟಲಿನ ಎತ್ತರಕ್ಕೆ ಸರಿಯಾಗಿ ಕಟ್ಟಿಕೊಟ್ಟಿದ್ದಾರೆ. ಅದು ಹಗಲೆಲ್ಲ ಅಲ್ಲಿಯೇ ಕುಳಿತಿರುತ್ತದೆ. ಸಂಜೆ ಬೆಂಗಾಲಿ ಫಿಂಚುಗಳು ಬಂದು ಅದರ ಎರಡು ಮಗ್ಗುಲಿಗೂ ಒತ್ತಿ ಕುಳಿತುಕೊಳ್ಳುತ್ತವೆ.